ಬಡ್ತಿ ಬಂದವರ ಬೆಂಚು

ಸುಗುಣಾ, ಪ್ರಭಾಕರಾ, ಸಣ್ಣ ಶಾಂತೂ,

ನಿಮ್ಮಪ್ಪ ಚರ್ಚಿನ ಹಳೆಯ ಸಾಮಾನಿನ ಹರಾಜಿನಲ್ಲಿ ಒಂದು ಬೆಂಚು ಹಿಡಿದು ತಂದು ಪಡಸಾಲೆಯಲ್ಲಿ ಇಟ್ಟು ವಾರವಾಯಿತು. ಬಡಿಗೇರ ಬಂದು ಅದಕ್ಕೆ ಪಾಲಿಶ್ ಹಚ್ಚಿ ಹೋಗಿದ್ದಾನೆ. ಬಂದವರೆಲ್ಲ ಮೂಗರಳಿಸಿ, ಏನು ಸಾಗವಾನಿ, ಈಗ ಎಲ್ಲಿ ಸಿಗುತ್ತದೆ ಇಂಥ ಕಟ್ಟಿಗೆ ಎನ್ನುತ್ತಾರೆ. ನಾನು ಮಾತ್ರ ಆ ವಾಸನೆ ಬಂದರೆ ಕಿಟಕಿ ತೆರೆದು ಇಡುತ್ತೇನೆ. ನೀವು ಮೂವರೂ ಅದರ ಮೇಲೆ ಸಾಲಾಗಿ ಕುಳಿತು ರೈಲಾಟ ಆಡುವಾಗ ಬೈಯಲೂ ಆಗದೆ ನೋಡಲೂ ಆಗದೆ ಒಳಗೆ ಹೋಗಿ ಜೋಳ ಹಸನು ಮಾಡುತ್ತ ಕೂಡುತ್ತೇನೆ.

ನಿನ್ನೆ ಸುಗುಣಾ ಕೇಳಿದಳು, ಬೆಂಚಿನ ಬೆನ್ನಿಗೆ ಹಿತ್ತಾಳೆಯ ಈ ಪುಟ್ಟ ಚೌಕಟ್ಟು ಯಾಕೆ ಬಡಿದಿದ್ದಾರೆ, ಇಲ್ಲಿ ಫೋಟೋ ಇಡುತ್ತಿದ್ದರೇನು ಎಂದು. ನಾನು ಗೊತ್ತಿಲ್ಲ ಎಂದೆ. ಗೊತ್ತಿಲ್ಲದೆ ಏನು! ಆದರೆ ಬಾಯಿಂದ ಹೇಳುವುದು ನನ್ನ ಕೈಲಾಗದ ಕೆಲಸ. ನಾಲ್ಕು ಜನರೆದುರು ಮಾತು ತೆಗೆದರೆ ನನ್ನ ಗಂಟಲು ಒಣಗುತ್ತದೆ. ಆ ನಾಲ್ವರಲ್ಲಿ ಮೂವರು ಮೊಮ್ಮಕ್ಕಳೇ ಆದರೂ ಅಷ್ಟೆ. ಬರೆಯುವುದಾದರೆ ಹೇಗೋ ಆದೀತು. ಅದು ನಿಜಾಮರ ಕಾಲ, ನಾಲವಾರದ ಆಚೆ ನಮ್ಮ ಹಳ್ಳಿಯಲ್ಲಿ ಹಗಲು ಉರ್ದು ಸಾಲೆ, ಸಂಜೆ ಕ್ರೈಸ್ತ ಉಪದೇಶಿಗಳ ಮನೆಯಂಗಳದಲ್ಲಿ ಕನ್ನಡ. ಎರಡೂ ಅರೆಬರೆ. ಆದರೂ ಕನ್ನಡ ನನ್ನ ಕೈ ಬಿಡಲಿಲ್ಲ.

ಆ ಚೌಕಟ್ಟಿನಲ್ಲಿ ಇಡುತ್ತಿದ್ದದ್ದು ಹೆಸರಿನ ಚೀಟಿ. ಕುಳಿತವರ ಹೆಸರು. ದೇವರಿಗೆ ಗುರುತು ಸಿಗಲಿಕ್ಕಿಲ್ಲವೆಂದು ಬರೆದು ಇಟ್ಟಿದ್ದರೋ ಏನೋ.

ನಮ್ಮ ಈ ವಾಡಿಯಲ್ಲಿ ರೈಲು ದಾರಿಗಳು ಬಂದು ಕೂಡಿದ ಕಾಲಕ್ಕೆ ವಿಲಾಯತಿಯಲ್ಲಿ ಇಂಗ್ಲಿಷರ ರಾಣಿಯ ಆಳ್ವಿಕೆ. ಅವರ ಸಾಹೇಬರು ಮೊದಲು ಇಂಜಿನಿನ ಶೆಡ್ಡು ಕಟ್ಟಿದರು, ಆಮೇಲೆ ತಮ್ಮ ಬಂಗಲೆ, ಆಮೇಲೆ ಇದೇ ಸೀಮೆಯ ಕಲ್ಲಿನಿಂದ ಈ ಚರ್ಚು. ಕಲ್ಲು ಹೊತ್ತವರು ನಮ್ಮವರು. ಒಳಗೆ ಶಹಾಬಾದದ ಫರ್ಸಿ ಕಲ್ಲು ಹಾಸಿ, ಅದರ ಮೇಲೆ ಸಾಗವಾನಿಯ ಬೆಂಚುಗಳನ್ನು ಸಾಲಿಟ್ಟರು. ಮುಂದಿನ ಸಾಲಿಗೆ ದೊಡ್ಡ ಸಾಹೇಬರ ಹೆಸರು, ಅದರ ಹಿಂದೆ ಅವರಿಗಿಂತ ಸಣ್ಣವರ ಹೆಸರು, ಹೀಗೆ ಇಳಿಯುತ್ತ ಬಾಗಿಲ ಹತ್ತಿರ ಬಂದರೆ ಚೌಕಟ್ಟೂ ಇಲ್ಲ, ಹೆಸರೂ ಇಲ್ಲ. ಅಲ್ಲಿ ನಾವು. ತಲೆಯ ಮೇಲೆ ಹಗ್ಗ ಎಳೆದು ಬೀಸುವ ದೊಡ್ಡ ಪಂಖಾ ತೂಗುತ್ತಿತ್ತಂತೆ, ಅದೂ ಮುಂದಿನ ಸಾಲುಗಳಿಗೆ ಮಾತ್ರ. ಹಗ್ಗ ಎಳೆಯುವವನು ಹೊರಗೆ ಬಿಸಿಲಲ್ಲಿ. ಮುಂದೆ ಕರೆಂಟು ಬಂದಾಗ ಪಂಖಾ ತೂಗುತ್ತಿದ್ದ ಜಾಗದಲ್ಲೇ ಫ್ಯಾನು ಕೂಡಿಸಿದರು. ಕೊಂಡಿಗಳು ಅಲ್ಲೇ ಇದ್ದವಲ್ಲ ಎಂಬುದು ಚರ್ಚಿನ ಕಮಿಟಿಯವರ ವಿವರಣೆ.

ಇದನ್ನೆಲ್ಲ ನನಗೆ ಹೇಳಿದವಳು ಡಾಲಿಬಾಯಿ. ನೀವು ಅವಳನ್ನು ನೋಡಿಲ್ಲ. ಅವಳ ಗಂಡ ಮೇಲ್ ಗಾಡಿಯ ಡ್ರೈವರ್ ಆಗಿದ್ದ, ಆಂಗ್ಲೋ ಇಂಡಿಯನ್ ಮಂದಿ. ಗಂಡ ತೀರಿಕೊಂಡ, ಮಕ್ಕಳು ಪರದೇಶಕ್ಕೆ ಹೋದರು, ಅವಳು ಮಾತ್ರ ಚರ್ಚಿನಲ್ಲಿ ಕಾಲಿನಿಂದ ತುಳಿಯುವ ದೊಡ್ಡ ಬಾಜಾ ನುಡಿಸುತ್ತ ವಾಡಿಯಲ್ಲೇ ಉಳಿದಳು. ಬಾಜಾದ ತಿದಿಯನ್ನು ಇಲಿ ಕಡಿದಿದ್ದವು. ಹಾಡಿನ ನಡುವೆ ಅದು ಉಸ್ಸೆಂದು ಉಸಿರು ಬಿಟ್ಟರೆ ನಾವು ಅಲ್ಲೇ ನಿಲ್ಲುತ್ತಿದ್ದೆವು. ಮಧ್ಯಾಹ್ನ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬಂದು ರೊಟ್ಟಿ, ಪುಂಡಿಪಲ್ಯ ಉಂಡು, ಬೆರಳು ಚೀಪುತ್ತ ತನ್ನ ಕುಲದವರನ್ನು ಆಡಿಕೊಳ್ಳುವುದು ಅವಳಿಗೆ ಬಲು ಇಷ್ಟ.

ಒಂದು ದಿನ ಬೆಂಚಿನ ಮಾತು ಬಂತು. "ಇದೇನು ನೋಡೀದಿ ಬಾಯಿ," ಎಂದಳು. "ನಮ್ಮ ದಾದಿ, ಅಂದ್ರ ನಮ್ಮಪ್ಪನ ಅವ್ವ, ಹೇಳ್ತಿದ್ದಳು, ವಿಲಾಯತಿನಾಗ ಬೆಂಚಿಗಿ ಬಾಗಲಾ ಇತ್ತು. ಬಾಗಲಕ್ಕ ಚಾವಿ. ಬಾಡಿಗಿ ಕೊಟ್ಟವರ ಕೈಯಾಗ ಚಾವಿ."

"ದೇವರ ಮನ್ಯಾಗ ಬಾಡಿಗಿ ಏನ್ರಿ?" ಎಂದು ಕೇಳಿದೆ.

"ಮತ್ತ? ದೇವರು ಧರ್ಮಶಾಲಾ ಇಟ್ಟಾನೇನು?" ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದಳು.

ಅವಳು ಹೇಳಿದ್ದು ಹೀಗೆ. ಆ ರಾಣಿಯ ಕಾಲದಲ್ಲಿ ವಿಲಾಯತಿಯ ಹಳ್ಳಿಗಳ ಮಂದಿ ಗುಂಪು ಗುಂಪಾಗಿ ಕಾರ್ಖಾನೆಯ ಪಟ್ಟಣಗಳಿಗೆ ಬಂದರು. ಚರ್ಚಿಗೆ ಹೋದರೆ ಎಲ್ಲ ಬೆಂಚಿಗೂ ಬೀಗ. ಬಡವರಿಗೆಂದು ಗೋಡೆಗೆ ಹತ್ತಿಸಿ ಹಲಗೆ ಹಾಕಿದ್ದರು, ಅದರಲ್ಲಿ ಜಾಗ ಸಿಗದವರು ನಿಲ್ಲಬೇಕು. ಆರು ದಿನ ಮಶಿನಿನ ಮುಂದೆ ನಿಂತವರು ಏಳನೆಯ ದಿನವೂ ನಿಲ್ಲಲು ಯಾಕೆ ಹೋದಾರು? ಹೋಗುವುದನ್ನು ಬಿಟ್ಟರು. ಆಗ ಪಾದ್ರಿಗಳಿಗೂ ಬಿಷಪ್ಪರಿಗೂ ಚಿಂತೆ ಹತ್ತಿತು, ಬಡವರೆಲ್ಲ ಎಲ್ಲಿ ಹೋದರು ಎಂದು. ಬಾಗಿಲು ಕಿತ್ತು ಹಾಕಿ, ಎಲ್ಲ ಬೆಂಚು ಎಲ್ಲರಿಗೂ ಬಿಡಿ ಎಂದು ಕೆಲವರು ಹೇಳಿದರು. ಹೇಳಿದವರು ಒಳ್ಳೆಯವರೇ ಇದ್ದಿರಬೇಕು, ಆದರೆ ಅವರ ಮಾತು ನಡೆಯಲು ಎಷ್ಟೋ ವರ್ಷ ಹಿಡಿಯಿತಂತೆ. ಅಷ್ಟರಲ್ಲಿ ಉಳಿದವರಿಗೆ ಬೇರೆ ಜಗಳಗಳಿದ್ದವು. ಬಲಿಪೀಠದ ಮೇಲೆ ಮೇಣಬತ್ತಿ ಹಚ್ಚಬೇಕೋ ಬೇಡವೋ ಎಂದು ಕೋರ್ಟಿಗೆ ಹೋದರು. ನಿಲುವಂಗಿಯ ಬಣ್ಣ ಯಾವುದೆಂದು ಹೊಡೆದಾಡಿದರು. ಭೂಮಿಯ ಕಲ್ಲುಗಳ ವಯಸ್ಸು ಬೈಬಲಿನ ಲೆಕ್ಕಕ್ಕಿಂತ ಹೆಚ್ಚು ಎಂದು ಯಾರೋ ಅಂದದ್ದಕ್ಕೆ ಊಟ ಬಿಟ್ಟು ಕುಳಿತರು. ಪ್ರಭುಭೋಜನದಲ್ಲಿ ಎಲ್ಲರಿಗೂ ಕೊಡುವ ರೊಟ್ಟಿಯೂ ಬಟ್ಟಲಿನ ದ್ರಾಕ್ಷಾರಸವೂ ನಿಜವಾಗಿ ದೇವರ ಮೈಯೂ ರಕ್ತವೂ ಆಗುತ್ತವೆಯೋ, ಬರೀ ನೆನಪಿಗೋ ಎಂಬುದು ಎಲ್ಲಕ್ಕಿಂತ ದೊಡ್ಡ ಜಗಳ. ಬಟ್ಟಲಿನಲ್ಲಿ ಏನಿದೆ ಎಂದು ಅಷ್ಟು ವಿಚಾರ ಮಾಡಿದ ಪಂಡಿತರಲ್ಲಿ, ಆ ಬಟ್ಟಲು ಮೊದಲು ಯಾರ ತುಟಿಗೆ ಹೋಗುತ್ತದೆ ಎಂದು ಕೇಳಿದವರು ಎಷ್ಟು ಮಂದಿಯೋ, ನನಗೆ ತಿಳಿಯದು.

ಕೊನೆಗೆ, ತಮ್ಮೂರಿನ ಬಡವರಿಗೆ ಒಂದು ಬೆಂಚು ಕೊಡಲಾಗದವರು ನಮ್ಮೂರಿನ ಬಡವರಿಗೆ ಸ್ವರ್ಗ ಕೊಡಲು ಹಡಗು ಹತ್ತಿ ಬಂದರು.

ನಮ್ಮ ಹಿರಿಯರು ಕ್ರೈಸ್ತರಾದದ್ದು ಇಂಥ ಯಾವ ವಿಚಾರ ಓದಿಯೂ ಅಲ್ಲ. ಊರ ಹೊರಗಿನ ಕೇರಿ ನಮ್ಮದು. ಗುಡಿಯ ಹೊರಗೆ ನಿಂತು ನಿಂತು ಸಾಕಾಗಿತ್ತು. ಒಳಗೆ ಬನ್ನಿ ಎಂದು ಯಾರೋ ಒಬ್ಬರು ಕರೆದರು, ಹೋದರು. ಹಳ್ಳಿಯ ಪ್ರಾರ್ಥನೆಯ ಮನೆಯಲ್ಲಿ ಬೆಂಚೇ ಇರಲಿಲ್ಲ. ಸಾರಿಸಿದ ನೆಲ. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಮೊದಲು ಬಂದವರು ಗೋಡೆಗೆ ಒರಗುತ್ತಿದ್ದರು. ನಾನು ಲಗ್ನವಾಗಿ ವಾಡಿಗೆ ಬಂದ ಮೇಲೆಯೇ ದೇವರ ಮನೆಯಲ್ಲಿ ಮುಂದು ಹಿಂದು ಎಂಬುದಿದೆ ಎಂದು ಕಲಿತದ್ದು.

ಆ ಹೊತ್ತಿಗೆ ಇಂಗ್ಲಿಷರು ಹೋಗಿ ವರ್ಷಗಳಾಗಿದ್ದವು. ನಿಜಾಮರೂ ಹೋಗಿದ್ದರು. ನಾವು ಮೈಸೂರು ರಾಜ್ಯದವರಾಗಿದ್ದೆವು. ಬೇರೆ ಬೇರೆ ಪಂಗಡದ ಕ್ರೈಸ್ತ ಸಭೆಗಳು ಸೇರಿ ಒಂದೇ ಸಭೆ ಆಯಿತೆಂದು ಪಾದ್ರಿ ಸಾಹೇಬರು ಹೇಳುತ್ತಿದ್ದರು. ಎಲ್ಲ ಬದಲಾಗಿತ್ತು, ಬೆಂಚುಗಳ ಸಾಲೊಂದನ್ನು ಬಿಟ್ಟು. ಇಂಗ್ಲಿಷರ ಚೀಟಿ ತೆಗೆದು ನಮ್ಮವರು ತಮ್ಮ ರೈಲ್ವೆ ಹುದ್ದೆಯ ಚೀಟಿ ತುಂಬಿದರು. ಎಲ್ಲಕ್ಕೂ ಮುಂದೆ ಶೆಡ್ಡಿನ ಫೋರ್ಮನ್, ಸ್ಟೇಷನ್ ಮಾಸ್ತರ. ಅವರ ಹಿಂದೆ ಗಾರ್ಡು ಮತ್ತು ಮೇಲ್ ಡ್ರೈವರು. ಆಮೇಲೆ ಗೂಡ್ಸ್ ಡ್ರೈವರು, ಇಂಜಿನಿನ ಬೆಂಕಿ ನೋಡುವ ಫೈರ್‌ಮನ್, ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಹಳಿ ರಿಪೇರಿ ಮಾಡುವ ಗ್ಯಾಂಗಿನವರು. ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ, ಫರ್ಸಿ ಖಣಿಯಲ್ಲಿ ದುಡಿಯುವವರು. ಚೀಟಿಯ ಹೊರತು ಯಾರೂ ಇದನ್ನು ನಿಯಮವೆಂದು ಹಲಗೆಯ ಮೇಲೆ ಬರೆದಿರಲಿಲ್ಲ. ಯಾರೂ ತಪ್ಪುತ್ತಲೂ ಇರಲಿಲ್ಲ.

ಗಂಡನಿಗೆ ಬಡ್ತಿ ಬಂದರೆ ಮುಂದಿನ ಭಾನುವಾರ ಸಂಸಾರ ಸಮೇತ ಒಂದು ಬೆಂಚು ಮುಂದೆ ಹೋಗುವುದು ಪದ್ಧತಿ. ಹೊಸ ಸೀರೆ, ಹೊರಗೆ ಖಾರಾ ಬೂಂದಿ ಹಂಚುವುದು. ಹಿಂದಿನ ಬೆಂಚಿನವರು ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡು ಬಾಯಲ್ಲಿ ಸ್ತೋತ್ರ ಹೇಳುವುದು. ಒಮ್ಮೆ ಫೈರ್‌ಮನ್ ದೇವದಾನನಿಗೆ ಮೇಲಿನ ಹುದ್ದೆಯನ್ನು ಸದ್ಯಕ್ಕೆ ನೋಡಿಕೋ ಎಂದು ಹೇಳಿದ್ದರು. ಅವನ ಹೆಂಡತಿ ಅಷ್ಟಕ್ಕೇ ಗೂಡ್ಸ್ ಡ್ರೈವರರ ಬೆಂಚಿನಲ್ಲಿ ಹೋಗಿ ಕುಳಿತಳು, ಬೂಂದಿಯನ್ನೂ ಹಂಚಿದಳು. ಕೆಲವೇ ವಾರದಲ್ಲಿ ಆ ಹುಕುಂ ರದ್ದಾಯಿತು. ಹಿಂದಿನ ಬೆಂಚಿಗೆ ಮರಳಲು ಮುಖವಿಲ್ಲದೆ ಅವರು ಒಂದು ಮಳೆಗಾಲವೆಲ್ಲ ಶಹಾಬಾದದ ಚರ್ಚಿಗೆ ಗಾಡಿ ಹತ್ತಿ ಹೋದರು. ಆ ಭಾನುವಾರಗಳಲ್ಲಿ ಪಾದ್ರಿ ಸಾಹೇಬರು ನಮ್ರತೆಯ ಮೇಲೆ ಪ್ರಸಂಗ ಮಾಡಿದರು. ಬಡ್ತಿಯ ಮೇಲೆ ಮಾಡಿದ್ದರೆ ಎಲ್ಲರೂ ಎಚ್ಚರವಿದ್ದು ಕೇಳುತ್ತಿದ್ದರು.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಕಲ್ಲಿದ್ದಲು ಸುರಿಯುವ ಕೆಲಸದಿಂದ ಏರುತ್ತ ಏರುತ್ತ ಗೂಡ್ಸ್ ಡ್ರೈವರ್ ಆದರು. ನಾನೂ ಅವರ ಹಿಂದೆ ಬೆಂಚು ಏರಿದೆ. ಅವರಿಗೆ ಈ ಬೆಂಚಿನ ಸಂಭ್ರಮ ಏನೂ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದು ಪ್ರಸಂಗದಲ್ಲಿ ನಿದ್ದೆ ಮಾಡುವವರು. ಮುಂದೆ ಹೋದಷ್ಟೂ ನಿದ್ದೆ ಪಾದ್ರಿಗೆ ಕಾಣುತ್ತದೆ, ಇದೊಂದೇ ಅವರ ದೂರು. ಫ್ಯಾನಿನ ಗಾಳಿ ನನಗೆ ಹಿತವಾಗಿತ್ತು, ಅದಕ್ಕೇನು ಸುಳ್ಳು ಹೇಳಲಿ. ವಾಡಿಯ ಏಪ್ರಿಲ್ ತಿಂಗಳಲ್ಲಿ ಯಾವ ತತ್ವವೂ ಫ್ಯಾನಿಗೆ ಸಮನಲ್ಲ.

ಒಂದು ಚಳಿಗಾಲ ಅವರಿಗೆ ಜ್ವರ ಬಂತು. ಜ್ವರ ಎದೆಗೆ ಇಳಿಯಿತು. ಅಷ್ಟೇ. ಅದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ.

ರೈಲ್ವೆಯವರು ಕ್ವಾರ್ಟರ್ಸ್ ಬಿಡಿಸಿಕೊಂಡರು. ನಾವು ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದೆವು. ನಿಮ್ಮಪ್ಪ ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಶೆಡ್ಡಿನಲ್ಲಿ ಇಂಜಿನು ಒರೆಸುವ ಖಲಾಸಿ ಆದ. ದುಃಖದ ದಿನಗಳು ಕಳೆದ ಮೇಲೆ ಒಂದು ಭಾನುವಾರ ಅವನು ಡ್ಯೂಟಿಗೆ ಹೋದಾಗ ನಾನು ಒಬ್ಬಳೇ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋದೆ. ನಾವು ಕೂಡುತ್ತಿದ್ದ ಬೆಂಚಿಗೆ ಹೋದರೆ ಅಲ್ಲಿ ಸುಂದರಾಬಾಯಿ, ಹಿಂದೆ ಫೈರ್‌ಮನ್ನರ ಬೆಂಚಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು. ಅವಳ ಗಂಡನಿಗೆ ನಿಮ್ಮ ಮುತ್ಯಾನ ಜಾಗಕ್ಕೆ ಬಡ್ತಿ ಬಂದಿತ್ತು. ಮಕ್ಕಳನ್ನು ಎರಡೂ ಬದಿಗೆ ಹರಡಿಕೊಂಡು ಕುಳಿತಿದ್ದಳು. ನನ್ನ ಕೈ ಹಿಡಿದು ಅತ್ತಳು. ಖರೆಯೇ ಅತ್ತಳು. ಕಣ್ಣೊರೆಸಿಕೊಂಡು ಹೇಳಿದಳು, "ಯಕ್ಕಾ, ತಪ್ಪ ತಿಳಕೋಬ್ಯಾಡ್ರಿ. ಈಗ ನಿಮ್ಮ ಮನಿಯವರು ಇಲ್ಲಲ್ರಿ. ಹಿಂದ ಗಂಡ ಸತ್ತವರ ಬೆಂಚ್ ಅದ. ಫ್ಯಾನ್ ಇಲ್ಲ ಖರೆ, ಆದ್ರ ಬಾಗಲದಾಗಿನ ಗಾಳಿ ಭಾಳ ಚಲೋ ಬರ್ತದ ನೋಡ್ರಿ."

ನಾನು ನಡುವಿನ ದಾರಿಯಲ್ಲಿ ನಿಂತೆ. ಇಡೀ ಚರ್ಚು ನನ್ನ ಬೆನ್ನು ನೋಡುತ್ತಿತ್ತು. ಡಾಲಿಬಾಯಿ ಬಾಜಾ ಸುರು ಮಾಡಿಬಿಟ್ಟಿದ್ದಳು. ಹಿಂದೆ ತಿರುಗಿದರೆ ಅಷ್ಟೂ ಮುಖಗಳನ್ನು ಒಂದೊಂದಾಗಿ ದಾಟಬೇಕು. ಮಕ್ಕಳೇ, ನಿಮ್ಮ ಆಯಿ ಶೂರಳು ಎಂದು ತಿಳಿಯಬೇಡಿ. ಆ ಮುಖಗಳನ್ನು ನೋಡುವ ಧೈರ್ಯ ಸಾಲದೆ ನಾನು ತಲೆ ತಗ್ಗಿಸಿ, ಮುಖವೇ ಇಲ್ಲದ ದಿಕ್ಕಿಗೆ, ಅಂದರೆ ಮುಂದಕ್ಕೆ ನಡೆದೆ. ಗಾರ್ಡುಗಳು ಮುಗಿದರು. ಫೋರ್ಮನ್ನರು ಮುಗಿದರು. ಬೆಂಚುಗಳೇ ಮುಗಿದವು. ಬಲಿಪೀಠದ ಮುಂದಿನ ಕಂಬಿಗಳ ಕಟಾಂಜನಕ್ಕೂ ಮೊದಲ ಬೆಂಚಿಗೂ ನಡುವೆ ಒಂದಿಷ್ಟು ಫರ್ಸಿ ನೆಲ ಇತ್ತು. ಅಲ್ಲಿ ಕಾಲು ಮಡಚಿ ಕುಳಿತುಬಿಟ್ಟೆ, ಹಳ್ಳಿಯಲ್ಲಿ ಕೂಡುತ್ತಿದ್ದ ಹಾಗೆ. ಕಲ್ಲು ತಣ್ಣಗಿತ್ತು.

ನನ್ನನ್ನು ಎಬ್ಬಿಸಲು ನಿಯಮ ಇರಲಿಲ್ಲ. ಬೆಂಚಿಗೆ ಹುದ್ದೆ ಇತ್ತು, ನೆಲಕ್ಕೆ ಇರಲಿಲ್ಲ. ಮೊದಲ ಭಾನುವಾರ ಕುಳಿತದ್ದು ನಾಚಿಕೆಯಿಂದ. ಎರಡನೆಯ ಭಾನುವಾರ ಚಾಪೆ ಹಿಡಿದುಕೊಂಡು ಹೋದೆ. ಅದು ನಾಚಿಕೆ ಆಗಿರಲಿಲ್ಲ. ಮುಂದೆ ಖಣಿಯ ಸತ್ಯಮ್ಮ ಬಾಗಿಲ ಬಳಿಯಿಂದ ಎದ್ದು ಬಂದು, "ಸರಿಯವ್ವಾ ಜರಾ, ಅಲ್ಲಿ ನನಗ ಏನೂ ಕೇಳಂಗಿಲ್ಲ," ಎಂದು ನನ್ನ ಪಕ್ಕ ಕುಳಿತಳು. ಅವಳ ಹಿಂದೆ ಅವಳ ಸೊಸೆ, ಸೊಸೆಯ ಹಿಂದೆ ಅವಳ ಓಣಿಯವರು. ಚಾಪೆ ಸಾಲದಾಯಿತು.

ಆಗ ಪಾದ್ರಿ ಸಾಹೇಬರು ನಮ್ಮ ಕೋಣೆಗೆ ಬಂದರು. ಚಹಾ ಕುಡಿದರು, ನಿಮ್ಮ ಮುತ್ಯಾನ ಗುಣಗಾನ ಮಾಡಿದರು, ಚರ್ಚಿಗೆ ಒಂದು ಶೋಭೆ ಅಂತ ಇರುತ್ತದೆ ಎಂದರು. ಕೊನೆಗೆ ಬಂದ ಕೆಲಸ ಹೇಳಿದರು. "ಬಾಯಿ, ಎಲ್ಲರಿಗೂ ದೇವರು ಒಂದೊಂದು ಜಾಗಾ ಇಟ್ಟಾನ. ಅದರಾಗ ಸಮಾಧಾನ ಇರೋದೇ ಭಕ್ತಿ."

ನನ್ನ ಗಂಟಲು ಎಂದಿನಂತೆ ಒಣಗಿತ್ತು. ಆದರೂ ಮಾತು ಬಂತು. ನನಗೇ ಆಶ್ಚರ್ಯವಾಗುವಷ್ಟು ಮೆಲ್ಲಗೆ ಬಂತು. "ಸಾಹೇಬ್ರ, ನನ್ನ ಜಾಗಾ ದೇವರು ಇಟ್ಟಿದ್ದಲ್ರಿ, ರೈಲ್ವೆದವರು ಇಟ್ಟಿದ್ದು. ಅವರು ಕ್ವಾರ್ಟರ್ಸ್ ತಗೊಂಡ್ರು, ನೀವು ಬೆಂಚ್ ತಗೊಂಡ್ರಿ. ನೆಲ ಯಾರದು ಹೇಳ್ರಿ, ಅವರು ಏಳು ಅಂದ್ರ ಏಳ್ತೀನಿ."

ಬಿಷಪ್ಪರಿಗೆ ಕೇಳಿ ಹೇಳುತ್ತೇನೆ ಎಂದು ಅವರು ಎದ್ದರು. ಬಿಷಪ್ಪರು ಇನ್ನೂ ವಿಚಾರ ಮಾಡುತ್ತಿರಬೇಕು.

ನಿಜವಾದ ಸಂಕಟ ಬಂದದ್ದು ಪ್ರಭುಭೋಜನದ ಭಾನುವಾರ. ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಮುಂದಿನ ಸಾಲಿನಿಂದ ಹಿಂದಕ್ಕೆ ಬರುವುದು ನಮ್ಮ ಪದ್ಧತಿ. ಬಟ್ಟಲು ಒಂದೇ. ಫೋರ್ಮನ್ನರ ಹೆಂಡತಿ ಕುಡಿದದ್ದನ್ನು ಗಾರ್ಡರ ಹೆಂಡತಿ ಕುಡಿಯಬೇಕು, ಹಾಗೆ ಇಳಿಯುತ್ತ ಇಳಿಯುತ್ತ ತಳದ ನಾಲ್ಕು ಹನಿ ಖಣಿಯವರಿಗೆ. ಸಾಲುಗಳ ಗುಟ್ಟು ಫ್ಯಾನಿನಲ್ಲಿ ಇರಲೇ ಇಲ್ಲ, ಬಟ್ಟಲಿನ ಅಂಚಿನಲ್ಲಿ ಇತ್ತು. ನನಗದು ಆವತ್ತೇ ತಿಳಿದದ್ದು. ನಮ್ಮ ಹಿರಿಯರಿಗೆ ಊರ ಬಾವಿ ಮುಟ್ಟಲು ಬಿಡದವರು ತಾವು ಕ್ರೈಸ್ತರೆಂದು ಹೇಳಿಕೊಂಡಿರಲಿಲ್ಲ, ಅಷ್ಟಾದರೂ ಪ್ರಾಮಾಣಿಕರು.

ಈಗ ಎಲ್ಲರಿಗಿಂತ ಮುಂದೆ ಕುಳಿತವರು ನಾವು. ಪಾದ್ರಿ ಸಾಹೇಬರು ಬಟ್ಟಲು ಹಿಡಿದು ನಮ್ಮನ್ನೂ ಬೆಂಚಿನವರನ್ನೂ ನೋಡಿದರು. ಅವರ ಕಿವಿಯ ಮೇಲಿಂದ ಬೆವರು ಇಳಿಯಿತು. ನಮ್ಮನ್ನು ದಾಟಿ ಹೋಗಬೇಕಾದರೆ ನಿಜಕ್ಕೂ ದಾಟಬೇಕು, ನಿಲುವಂಗಿ ಎತ್ತಿ, ನಮ್ಮ ತಲೆಗಳ ನಡುವೆ ಕಾಲಿಡುತ್ತ. ಅಷ್ಟು ಮಾಡಲು ಅವರಿಗೆ ಮನಸ್ಸಾಗಲಿಲ್ಲ. ಅದನ್ನು ಅವರ ಪುಣ್ಯಕ್ಕೆ ಬರೆಯುತ್ತೇನೆ. ಬಟ್ಟಲು ಮೊದಲು ನನಗೆ ಬಂತು, ಆಮೇಲೆ ಸತ್ಯಮ್ಮನಿಗೆ. ತಂಬಾಕು ತಿನ್ನುವ ಬಾಯಿ ಅವಳದು. ಎರಡೂ ಕೈಯಿಂದ ಬಟ್ಟಲು ಹಿಡಿದು, ಬಿಸಿಲಲ್ಲಿ ದುಡಿದು ಬಂದವರು ನೀರು ಕುಡಿಯುವ ಹಾಗೆ ಒಂದು ದೊಡ್ಡ ಗುಟುಕು ಕುಡಿದಳು. ಪಾದ್ರಿ ಸಾಹೇಬರು ಬಿಳಿ ಬಟ್ಟೆಯಿಂದ ಅಂಚನ್ನು ಒರೆಸಿದರು. ಮತ್ತೆ ಒರೆಸಿದರು. ಮೊದಲ ಬೆಂಚಿನಲ್ಲಿ ಫೋರ್ಮನ್ನರ ಹೆಂಡತಿ ತನಗೆ ಬೆಳಗಿನಿಂದ ಹೊಟ್ಟೆ ಸರಿಯಿಲ್ಲ ಎಂದು ಸನ್ನೆ ಮಾಡಿದಳು. ಅವಳ ಪಕ್ಕದವಳಿಗೂ ಹೊಟ್ಟೆ ಸರಿಯಿರಲಿಲ್ಲ. ಆವತ್ತು ಫ್ಯಾನಿನ ಕೆಳಗೆ ಕುಳಿತವರಲ್ಲಿ ಬಹಳ ಜನರ ಹೊಟ್ಟೆ ಕೆಟ್ಟಿತ್ತು. ಗ್ಯಾಂಗಿನವರು ಮಾತ್ರ ಆರೋಗ್ಯವಾಗಿದ್ದರು.

ಹೊರಗೆ ಬಂದ ಮೇಲೆ ಡಾಲಿಬಾಯಿ ಬೇವಿನ ಗಿಡ ಹಿಡಿದುಕೊಂಡು ನಕ್ಕಳು. "ನಮ್ಮ ದಾದಿ ಇರಬೇಕಿತ್ತು ನೋಡಲಿಕ್ಕ," ಎಂದಳು. ನನಗೆ ನಗು ಬರಲಿಲ್ಲ. ನನ್ನ ಜೊತೆ ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕುಳಿತು, ನನ್ನ ಕೈ ಹಿಡಿದು ಅತ್ತಿದ್ದ ಸುಂದರಾಬಾಯಿಯೂ ಕುಡಿದಿರಲಿಲ್ಲ.

ಹೊಟ್ಟೆನೋವು ಕೆಲವು ತಿಂಗಳು ನಡೆಯಿತು. ಆಮೇಲೆ ಕಮಿಟಿಯವರು ಔಷಧ ಕಂಡುಹಿಡಿದರು. ಹೈದರಾಬಾದಿನಿಂದ ಸಣ್ಣ ಸಣ್ಣ ಗಾಜಿನ ಗ್ಲಾಸು ತರಿಸಿದರು, ತಲೆಗೊಂದು. ಆರೋಗ್ಯದ ದೃಷ್ಟಿಯಿಂದ ಎಂದು ಪ್ರಕಟಣೆ ಓದಿದರು. ವಿಲಾಯತಿಯ ಪಂಡಿತರು ಅಷ್ಟು ವರ್ಷ ಬಡಿದಾಡಿದರೂ ಮುಗಿಯದ ಬಟ್ಟಲಿನ ವಿಚಾರವನ್ನು ವಾಡಿಯ ಕಮಿಟಿ ಕೆಲವು ಡಜನ್ ಗ್ಲಾಸಿನಲ್ಲಿ ಬಗೆಹರಿಸಿತು. ಮರುವಾರದಿಂದ ಎಲ್ಲರ ಹೊಟ್ಟೆಯೂ ಸರಿಹೋಯಿತು.

ನಾವು ನೆಲದಿಂದ ಏಳಲಿಲ್ಲ. ಡೀಸೆಲ್ ಇಂಜಿನು ಬಂದವು, ಕಲ್ಲಿದ್ದಲಿನವರಿಗೆ ಬೇರೆ ಕಡೆ ಬದಲಿಯಾಯಿತು, ಮುಂದಿನ ಬೆಂಚುಗಳು ತಾವಾಗಿಯೇ ಖಾಲಿಯಾದವು. ಡಾಲಿಬಾಯಿ ಒಂದು ಬೇಸಿಗೆಯಲ್ಲಿ ಹೋದಳು. ಅವಳನ್ನು ಮಣ್ಣಿಗಿಡುವಾಗ ಸತ್ಯಮ್ಮನ ಮಕ್ಕಳೇ ಹೆಗಲು ಕೊಟ್ಟರು. ಈಗ ಬೆಂಚು ಹೋಗಿ ಉಕ್ಕಿನ ಕುರ್ಚಿ ಬಂದಿವೆ.

ಇಷ್ಟು ವರ್ಷ ನಾನು ಆ ಇಂಗ್ಲಿಷರನ್ನು ಬೈಯುತ್ತ ಬಂದೆ. ಎರಡು ದಿನ ಕುಳಿತು ಇದನ್ನು ಬರೆದ ಮೇಲೆ ಅನಿಸುತ್ತದೆ, ಅವರು ಬಡಿದದ್ದು ಹಿತ್ತಾಳೆಯ ಚೌಕಟ್ಟು ಮಾತ್ರ. ಅವರು ಹೋದ ಮೇಲೆ ಚೀಟಿ ಬರೆದು ತುಂಬಿದ ಅಕ್ಷರ ನಮ್ಮದೇ. ಬೈಗುಳದ ದೊಡ್ಡ ಪಾಲನ್ನು ಮನೆಯ ಹತ್ತಿರವೇ ಖರ್ಚು ಮಾಡಬೇಕಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ನಿಮ್ಮಪ್ಪ ಚಹಾ ಕುಡಿಯುತ್ತ ಹೇಳಿದ ಸುದ್ದಿ ನನಗೆ ಹೆದರಿಕೆ ಹುಟ್ಟಿಸಿತು. ಅವನನ್ನು ಕಮಿಟಿಗೆ ಆರಿಸಿದ್ದಾರೆ. ಹಿರಿಯರ ನೆನಪಿಗೆ ಮುಂದಿನ ಸಾಲಿನ ಕುರ್ಚಿಗಳಿಗೆ ಹೆಸರು ಬರೆಸುತ್ತಾರಂತೆ. "ಎವ್ವಾ, ಮೊದಲನೇದು ನಿನ್ನ ಹೆಸರಲೇ ಇರ್ತದ," ಎಂದ. ಮುಖದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ಅದನ್ನೇ ಒಪ್ಪಿಗೆ ಎಂದು ತಿಳಿದು ಡ್ಯೂಟಿಗೆ ಹೋದ.

ರಾತ್ರಿ ಊಟಕ್ಕೆ ಬಂದಾಗ ಹೇಳುತ್ತೇನೆ. ಹೇಳಲು ಪ್ರಯತ್ನ ಮಾಡುತ್ತೇನೆ. ಗಂಟಲು ಒಣಗಿದರೆ ಈ ಹಾಳೆಗಳನ್ನೇ ಅವನ ತಾಟಿನ ಪಕ್ಕ ಇಡುತ್ತೇನೆ. ಆಮೇಲೆ ಇವು ನಿಮ್ಮವು. ನಾನು ಹೋದ ಮೇಲೆ ಜನ ಒಳ್ಳೆಯವರಾಗುತ್ತಾರೆ, ಹಾರ ತರುತ್ತಾರೆ, ಗೋಡೆಗೋ ಕುರ್ಚಿಗೋ ನನ್ನ ಹೆಸರು ಹಚ್ಚುವ ಮಾತು ಮತ್ತೆ ಬರುತ್ತದೆ. ಆಗ ನೀವು ಜಗಳ ಮಾಡಬೇಡಿ, ಇದನ್ನು ಓದಲು ಕೊಡಿ. ಅಲ್ಲಿಯವರೆಗೆ ನುಸಿ ಹತ್ತದಂತೆ, ಮಳೆ ನೀರು ತಾಕದಂತೆ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರಿ.